ಅರವತ್ತು ದಾಟಿದ ಕಣ್ಣಿಗೆ ರೈಫಲಿನ ಯಾವ ಸೈಟು ಒಪ್ಪುತ್ತದೆ?

ಪ್ರಶ್ನೆ: ನಾನು ಕೊಡಗಿನವನು, ಸೇನೆಯಿಂದ ನಿವೃತ್ತನಾದವನು. ಈಗ 63 ವರ್ಷ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಪಾಯಿಂಟ್ 22 ರೈಫಲಿನಿಂದ 50 ಮೀಟರ್ ದೂರಕ್ಕೆ ನಿಂತು ಹೊಡೆಯುತ್ತಾ ಬಂದಿದ್ದೇನೆ. ರೈಫಲಿಗೆ ಗುರಿ ಹಿಡಿಯಲು ಇರುವುದು ಕಂಪನಿಯಿಂದಲೇ ಬಂದ, ಗಾಜಿಲ್ಲದ ತೆರೆದ ಸೈಟು. ಕೆಲವು ವರ್ಷಗಳಿಂದ ನಳಿಗೆಯ ತುದಿಯಲ್ಲಿರುವ ಫೋರ್‌ಸೈಟ್ ಮಂಜಾಗಿ, ಒಮ್ಮೊಮ್ಮೆ ಎರಡಾಗಿ ಕಾಣುತ್ತಿದೆ. ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡರೆ ಇನ್ನೂ ಕಷ್ಟ. ತೆಗೆದರೆ ಕಾಯಿ ಸರಿಯಾಗಿ ಕಾಣುವುದಿಲ್ಲ. ಟೆಲಿಸ್ಕೋಪ್ ಹಾಕಿಸಿ ಎಂದು ಮಗ ಹೇಳುತ್ತಾನೆ, ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟು) ಒಳ್ಳೆಯದು ಎಂದು ಗೆಳೆಯರು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಏನು ಮಾಡಿದರೆ ಒಳ್ಳೆಯದು?

ಉತ್ತರ: ಸದ್ಯಕ್ಕೆ ಯಾವ ಸೈಟನ್ನೂ ಕೊಳ್ಳಬೇಡಿ. ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಗುರಿಗೆಂದೇ ಮಾಡಿಸಿದ ಒಂದೇ ಪವರಿನ ಕನ್ನಡಕ, ಅದರ ನಂತರ ಸ್ಪರ್ಧೆಯ ನಿಯಮ ಒಪ್ಪಿದರೆ ಸಣ್ಣ ರಂಧ್ರದ ಪೀಪ್ ಸೈಟು, ಇವೆಲ್ಲ ಸಾಲದೆ ಹೋದರೆ ಟೆಲಿಸ್ಕೋಪ್, ಎಲ್ಲಕ್ಕಿಂತ ಕೊನೆಗೆ ರೆಡ್ ಡಾಟ್ ಎಂಬುದು ನಿಮ್ಮ ವಿಷಯದಲ್ಲಿ ನಾನು ಹೇಳುವ ಕ್ರಮ. ಈ ಕ್ರಮ ಏಕೆ ಎಂಬುದು ಮನಸ್ಸಿಗೆ ಬಂದರೆ ಆಯ್ಕೆಯನ್ನು ನೀವೇ ಮಾಡಿಕೊಳ್ಳಬಲ್ಲಿರಿ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತೆರೆದ ಸೈಟಿನಲ್ಲಿ ಗುರಿ ಹಿಡಿಯುವವನ ಕಣ್ಣು ಮೂರು ದೂರಗಳನ್ನು ಒಟ್ಟಿಗೆ ನಿಭಾಯಿಸಬೇಕಾಗುತ್ತದೆ. ನಿಮ್ಮದರಂಥ ರೈಫಲಿನಲ್ಲಿ ನಳಿಗೆಯ ಹಿಂಭಾಗದಲ್ಲಿರುವ ಬ್ಯಾಕ್‌ಸೈಟಿನ ಕಚ್ಚು ಕಣ್ಣಿನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ಫೋರ್‌ಸೈಟ್ ಸುಮಾರು 80 ಸೆಂಟಿಮೀಟರ್ ದೂರದಲ್ಲಿ, ಕಾಯಿ 50 ಮೀಟರ್ ದೂರದಲ್ಲಿ ಇರುತ್ತದೆ. ದೂರದ ದೃಷ್ಟಿ ಸರಿಯಿರುವ ಕಣ್ಣು 40 ಸೆಂಟಿಮೀಟರಿನ ವಸ್ತುವನ್ನು ಸ್ಪಷ್ಟವಾಗಿ ಕಾಣಲು 2.5 ಡಯಾಪ್ಟರಿನಷ್ಟು (ಮಸೂರದ ಶಕ್ತಿಯ ಅಳತೆ, ಕನ್ನಡಕದ ನಂಬರೂ ಇದರಲ್ಲೇ), 80 ಸೆಂಟಿಮೀಟರಿಗೆ 1.25 ಡಯಾಪ್ಟರಿನಷ್ಟು ಹೆಚ್ಚಿನ ಶಕ್ತಿಯನ್ನು ತನ್ನ ಮಸೂರವನ್ನು ಉಬ್ಬಿಸಿ ಪಡೆಯಬೇಕು; ಕಾಯಿಗೆ ಬಹುಮಟ್ಟಿಗೆ ಏನೂ ಬೇಡ. ಇಪ್ಪತ್ತರ ಹರೆಯದಲ್ಲಿ ಹತ್ತು ಡಯಾಪ್ಟರಿನ ಆಸುಪಾಸು ಇರುವ ಈ ಶಕ್ತಿ ನಲವತ್ತರ ಹೊತ್ತಿಗೆ ಅರ್ಧಕ್ಕೆ ಇಳಿದು, ಅರವತ್ತರ ನಂತರ ಒಂದು ಡಯಾಪ್ಟರಿನ ಒಳಗೆ ನಿಲ್ಲುತ್ತದೆ. ಕಣ್ಣೊಳಗಿನ ಮಸೂರ ವರ್ಷ ಕಳೆದಂತೆ ಗಡುಸಾಗುವುದೇ ಇದಕ್ಕೆ ಕಾರಣ. ಓದುವಾಗ ನಾವು ಚಾಳೀಸು ಎನ್ನುವುದೂ ಇದನ್ನೇ. ಸೇನೆಯಲ್ಲಿ ಇದ್ದಾಗ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು ಎಂದು ನಿಮಗೆ ಅನ್ನಿಸುತ್ತಿರಬಹುದು. ವಾಸ್ತವವಾಗಿ ಕಣ್ಣು ಯಾವ ವಯಸ್ಸಿನಲ್ಲೂ ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಹರೆಯದ ಕಣ್ಣು ಒಂದರಿಂದ ಇನ್ನೊಂದಕ್ಕೆ ಎಷ್ಟು ಬೇಗ ಹೊರಳುತ್ತಿತ್ತೆಂದರೆ ಅದು ನಮ್ಮ ಗಮನಕ್ಕೇ ಬರುತ್ತಿರಲಿಲ್ಲ, ಅಷ್ಟೆ. ಈಗ ಆ ಹೊರಳಾಟ ನಿಂತಿದೆ. ಹೀಗಾಗಿ ವಯಸ್ಸಾದವರ ಸೈಟಿನ ಆಯ್ಕೆಯೆಲ್ಲ ಒಂದೇ ಪ್ರಶ್ನೆಯನ್ನು ಸುತ್ತುತ್ತದೆ: ಕಣ್ಣು ನಿಭಾಯಿಸಬೇಕಾದ ದೂರಗಳನ್ನು ಮೂರರಿಂದ ಎರಡಕ್ಕೆ, ಸಾಧ್ಯವಾದರೆ ಒಂದಕ್ಕೆ, ಇಳಿಸುವುದು ಹೇಗೆ?

ಇದರ ಜೊತೆಗೆ ಬೆಳಕಿನ ಪ್ರಶ್ನೆಯೂ ಇದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿನ ರೆಟಿನಾ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರ ಕಣ್ಣಿನ ರೆಟಿನಾ ತಲುಪುತ್ತದೆ ಎಂಬುದು ನೇತ್ರವಿಜ್ಞಾನದಲ್ಲಿ ಬಹುಕಾಲದಿಂದ ಒಪ್ಪಿರುವ ಅಂದಾಜು. ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ನಾಟಿ ಮುಗಿದ ಮೇಲೆ, ಮಳೆ ಇನ್ನೂ ಬಿಟ್ಟಿರದ ಕಾಲದಲ್ಲಿ. ಮೋಡ ಕವಿದ ಆ ಬೆಳಕಿನಲ್ಲಿ ಮರದ ಹಿನ್ನೆಲೆಯ ಕಂದು ಕಾಯಿಯನ್ನು ಬೇರ್ಪಡಿಸಿ ನೋಡುವುದೇ ಒಂದು ಕೆಲಸ. ಬೇಸಿಗೆಯ ಬಿಸಿಲಿನಲ್ಲಿ ಚೆನ್ನಾಗಿ ಕಂಡ ಸೈಟು ಸ್ಪರ್ಧೆಯ ದಿನ ಕೈಕೊಡುವುದಕ್ಕೆ ಇದು ಮುಖ್ಯ ಕಾರಣ.

ಕೊಳ್ಳುವ ಮಾತಿಗೆ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ರೈಫಲಿನ ಬೋಲ್ಟ್ ಹೊರತೆಗೆದು, ಚೇಂಬರು ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಅಪಾಯವಿಲ್ಲದ ದಿಕ್ಕಿಗೆ ನಳಿಗೆಯನ್ನು ತಿರುಗಿಸಿ ಆನಿಕೆಯ ಮೇಲೆ ಇಡಿ. ಒಂದು ಗಟ್ಟಿ ಕಾರ್ಡಿನಲ್ಲಿ ದಪ್ಪ ಸೂಜಿಯಿಂದ ಒಂದು, ಒಂದೂಕಾಲು ಮಿಲಿಮೀಟರಿನಷ್ಟು ದುಂಡಗಿನ ತೂತು ಮಾಡಿ, ದೂರದ ಪವರಿನ ಕನ್ನಡಕ ಹಾಕಿಕೊಂಡು, ಆ ತೂತನ್ನು ಗುರಿಕಣ್ಣಿನ ಮುಂದೆ ಹಿಡಿದು, ಚೆನ್ನಾಗಿ ಬೆಳಕಿರುವ ಕಡೆಗೆ ಸೈಟುಗಳ ಮೂಲಕ ನೋಡಿ. ಫೋರ್‌ಸೈಟಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿ, ದೂರದ ವಸ್ತುವೂ ಚೆನ್ನಾಗಿ ಕಂಡರೆ ನಿಮ್ಮ ತೊಂದರೆ ಬಹುಮಟ್ಟಿಗೆ ಫೋಕಸಿನದು. ಅದನ್ನು ಕನ್ನಡಕ ಮತ್ತು ಪೀಪ್ ಸೈಟು ಪರಿಹರಿಸುತ್ತವೆ. ತೂತಿನ ಮೂಲಕವೂ ಮಂಜಾಗಿಯೇ ಕಂಡರೆ ತೊಂದರೆ ಪೊರೆಯದೋ ರೆಟಿನಾದ್ದೋ ಆಗಿರಬಹುದು. ಆಗ ಯಾವ ಸೈಟಿಗೆ ಹಣ ಹಾಕಿದರೂ ಸಮಾಧಾನ ಸಿಗದು. ಕಣ್ಣಿನ ಆಸ್ಪತ್ರೆಗಳಲ್ಲಿ ಮಂಜುದೃಷ್ಟಿಯ ಕಾರಣ ತಿಳಿಯಲು ಮಾಡುವ ಸೂಜಿರಂಧ್ರದ ಪರೀಕ್ಷೆಯೂ ಇದೇ ತತ್ವದ್ದು.

ಫೋರ್‌ಸೈಟ್ ಎರಡಾಗಿ ಕಾಣುತ್ತದೆ ಎಂಬ ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡೂ ಕಣ್ಣು ತೆರೆದು ಗುರಿ ಹಿಡಿದಾಗ ಮಾತ್ರ ಹೀಗಾದರೆ ಅದು ಸಹಜ. ದೂರದ ಕಾಯಿಯ ಮೇಲೆ ಎರಡೂ ಕಣ್ಣು ನೆಟ್ಟಿರುವಾಗ ಹತ್ತಿರದ ವಸ್ತು ಎರಡಾಗಿಯೇ ಕಾಣುತ್ತದೆ. ಎಡಗಣ್ಣನ್ನು ಕೈಯಿಂದ ಪೂರ್ತಿ ಮುಚ್ಚಿ ಬಲಗಣ್ಣೊಂದರಿಂದಲೇ ನೋಡಿದಾಗಲೂ ಎರಡು ಅಂಚು ಕಂಡರೆ, ಸರಿಪಡಿಸದ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮವಾಗಿಲ್ಲದ ದೋಷ) ಅಥವಾ ಶುರುವಾದ ಪೊರೆ ಇರುವ ಸಾಧ್ಯತೆ ಹೆಚ್ಚು. ದಾರಿಯ ದೀಪ, ಬೈಕಿನ ಹೆಡ್‌ಲೈಟ್, ಹುಣ್ಣಿಮೆಯ ಚಂದ್ರ ಇವು ಸುತ್ತ ಪ್ರಭೆ ಕಟ್ಟಿಕೊಂಡು ಕಾಣುತ್ತಿವೆಯೇ ಎಂದೂ ಗಮನಿಸಿ. ಗುರಿಗೆ ಸಂಬಂಧವಿಲ್ಲದೆ ದಿನದ ಬಳಕೆಯಲ್ಲೇ ಎರಡೂ ಕಣ್ಣು ತೆರೆದಾಗ ವಸ್ತುಗಳು ಎರಡಾಗಿ ಕಾಣತೊಡಗಿದರೆ, ಕಣ್ಣಿನಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಏಕಾಏಕಿ ಹೆಚ್ಚಿದರೆ, ನೇರ ಗೆರೆ ಡೊಂಕಾಗಿ ಕಂಡರೆ ಅದೇ ದಿನ ನೇತ್ರತಜ್ಞರ ಬಳಿ ಹೋಗಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೆರಡು ಮಾತು ಸೇರುತ್ತದೆ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ರೆಟಿನಾ ತೋರಿಸುವುದನ್ನು ತಪ್ಪಿಸಬೇಡಿ, ದೃಷ್ಟಿ ಚೆನ್ನಾಗಿದೆ ಎನಿಸಿದರೂ ತಪ್ಪಿಸಬೇಡಿ. ಎರಡನೆಯದಾಗಿ, ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದಲ್ಲಿನ ನೀರಿನ ಅಂಶ ಬದಲಾಗಿ ಕನ್ನಡಕದ ನಂಬರೇ ಹೆಚ್ಚುಕಡಿಮೆಯಾಗುತ್ತದೆ. ಸಕ್ಕರೆ ಕೆಲವು ವಾರಗಳಿಂದ ಒಂದೇ ಸಮನಾಗಿರುವಾಗ ಅಳತೆ ಕೊಟ್ಟು ಮಾಡಿಸಿದ ಕನ್ನಡಕ ಮಾತ್ರ ಗುರಿಗೆ ನಂಬಿಕೆಗೆ ಅರ್ಹ.

ಈಗ ಕನ್ನಡಕ. ಪ್ರೋಗ್ರೆಸಿವ್ ಗಾಜಿನ ಮೇಲ್ಭಾಗದಲ್ಲಿ ದೂರದ ಪವರ್, ಕೆಳಭಾಗದಲ್ಲಿ ಓದುವ ಪವರ್, ನಡುವೆ ಕಿರಿದಾದ ಒಂದು ಓಣಿ ಇದ್ದು, ಇಕ್ಕೆಲಗಳಲ್ಲಿ ಚಿತ್ರ ಸೊಟ್ಟಾಗುತ್ತದೆ. ಕೆನ್ನೆಯನ್ನು ಹಿಡಿಮರಕ್ಕೆ ಒತ್ತಿ ತಲೆ ಮುಂದೆ ಬಾಗಿಸಿದಾಗ ನೀವು ನೋಡುವುದು ಗಾಜಿನ ಮೇಲಂಚಿನ, ಮೂಗಿನ ಕಡೆಯ ಮೂಲೆಯಿಂದ. ಅಲ್ಲಿ ಇರುವುದು ದೂರದ ಪವರ್ ಮಾತ್ರ, ಅದೂ ಶುದ್ಧವಾಗಿ ಇರುವುದಿಲ್ಲ. ಫೋರ್‌ಸೈಟ್ ಸ್ಪಷ್ಟವಾಗಲೆಂದು ತಲೆ ಎತ್ತಿದರೆ ಕೆನ್ನೆ ಹಿಡಿಮರದಿಂದ ಬಿಡುತ್ತದೆ, ಗುಂಡು ಚದುರುತ್ತದೆ. ಪ್ರೋಗ್ರೆಸಿವ್ ಕನ್ನಡಕ ನಿಮಗೆ ತೊಂದರೆ ಕೊಡುತ್ತಿರುವುದು ಇದರಿಂದಲೇ ಹೊರತು ನಿಮ್ಮ ಅಭ್ಯಾಸ ಕೆಟ್ಟಿದೆ ಎಂದೇನಲ್ಲ.

ಬೇಕಾಗಿರುವುದು ಪೂರ್ತಿ ಗಾಜಿಗೆ ಒಂದೇ ಪವರ್ ಇರುವ, ಗುರಿ ಹಿಡಿಯಲೆಂದೇ ಮೀಸಲಾದ ಒಂದು ಜೋಡಿ. ಪವರ್ ಎಷ್ಟು ಎಂಬ ಲೆಕ್ಕ ಸರಳವಾಗಿದೆ. ಫೋರ್‌ಸೈಟಿಗೆ 1.25, ಕಾಯಿಗೆ ಸೊನ್ನೆ. ಇವೆರಡರ ನಡುವಿನದು 0.62. ಅಂಗಡಿಯಲ್ಲಿ ಗಾಜು 0.25ರ ಹೆಜ್ಜೆಗಳಲ್ಲಿ ಸಿಗುವುದರಿಂದ ನಿಮ್ಮ ದೂರದ ಪವರಿಗೆ ಪ್ಲಸ್ 0.50 ಅಥವಾ 0.75 ಕೂಡಿಸಬೇಕು. ದೂರದ ನಂಬರು ಮೈನಸ್ 1.00 ಇದ್ದವರಿಗೆ ಹೀಗೆ ಕೂಡಿಸಿದಾಗ ಮೈನಸ್ 0.50 ಆಗುತ್ತದೆ, ಸಿಲಿಂಡರ್ ಪವರ್ ಇದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಫೋರ್‌ಸೈಟಿನ ಅಂಚು ಗಟ್ಟಿಯಾಗಿ ಕಾಣುವ ಅತ್ಯಂತ ಕಡಿಮೆ ಪ್ಲಸ್ ಯಾವುದೋ ಅದನ್ನೇ ಆರಿಸಿ, ಏಕೆಂದರೆ ಅದಕ್ಕಿಂತ ಹೆಚ್ಚಾದುದೆಲ್ಲ ಕಾಯಿಯನ್ನು ಮಂಕಾಗಿಸುತ್ತದೆ. ಓದುವ ಕನ್ನಡಕವನ್ನೇ ಗುರಿಗೂ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಅದರಲ್ಲಿ ಬ್ಯಾಕ್‌ಸೈಟಿನ ಕಚ್ಚು ಸೊಗಸಾಗಿ ಕಾಣುತ್ತದೆ, ಕಾಯಿ ಮಾಯವಾಗುತ್ತದೆ.

ಅಳತೆಗೆ ಹೋಗುವಾಗ ರೈಫಲನ್ನು ಕನ್ನಡಕದ ಅಂಗಡಿಗೆ ಒಯ್ಯುವ ಅಗತ್ಯವಿಲ್ಲ. ಮನೆಯಲ್ಲಿ ಗುರಿಯ ಭಂಗಿಯಲ್ಲಿ ನಿಂತು, ಕಣ್ಣಿನಿಂದ ಫೋರ್‌ಸೈಟಿಗಿರುವ ದೂರವನ್ನು ಬೇರೆಯವರಿಂದ ಟೇಪಿನಲ್ಲಿ ಅಳೆಸಿ, ಆ ಅಂಕಿಯನ್ನು ಬರೆದುಕೊಂಡು ಹೋಗಿ. ಅಂಗಡಿಯವರು ಪರೀಕ್ಷೆಯ ಚೌಕಟ್ಟಿನಲ್ಲಿ ಆ ಗಾಜುಗಳನ್ನು ಹಾಕಿ, ಅಷ್ಟೇ ದೂರದಲ್ಲಿ ಒಂದು ಪೆನ್ಸಿಲಿನ ತುದಿಯನ್ನೂ ಬೀದಿಯಾಚೆಯ ಒಂದು ಬೋರ್ಡನ್ನೂ ತೋರಿಸಲಿ. ಬಲಗಣ್ಣಿನ ಗಾಜಿನ ಕೇಂದ್ರವನ್ನು ತುಸು ಮೇಲಕ್ಕೂ ಮೂಗಿನ ಕಡೆಗೂ ಸರಿಸಿ ಕೂರಿಸುವಂತೆ ಕೇಳಿಕೊಳ್ಳಿ. ಗಾಜು ಪಾಲಿಕಾರ್ಬೊನೇಟಿನದೇ ಆಗಿರಲಿ. ಹಳೆಯ ತೋಟಾದ ಅಂಚು ಸೀಳಿ ಹಿಂದಕ್ಕೆ ಅನಿಲ ಚಿಮ್ಮುವುದು ಪಾಯಿಂಟ್ 22ರಲ್ಲಿ ಅಪರೂಪವಾದರೂ ಆಗದ ಮಾತಲ್ಲ. ಈ ಕನ್ನಡಕದಲ್ಲಿ ದೂರ ಸ್ವಲ್ಪ ಮಂಜಾಗಿರುವುದರಿಂದ ಅದನ್ನು ಹಾಕಿಕೊಂಡು ವಾಹನ ಓಡಿಸಬೇಡಿ.

ನಿಮ್ಮೂರಿನ ಸ್ಪರ್ಧೆಯಲ್ಲಿ ತೆರೆದ ಸೈಟು ಮಾತ್ರ ಎಂಬ ನಿಯಮ ಇದ್ದರೆ ನಿಮ್ಮ ದಾರಿ ಇಲ್ಲಿಗೇ ಬಹುಪಾಲು ಮುಗಿಯುತ್ತದೆ, ಇನ್ನು ಉಳಿಯುವುದು ಸೈಟಿನ ಅಲಂಕಾರ ಮಾತ್ರ. ಫೋರ್‌ಸೈಟ್ ಚಪ್ಪಟೆ ತಲೆಯ, ಹೊಳಪಿಲ್ಲದ ಕಪ್ಪು ಕಂಬವಾಗಿರಲಿ. ಸವೆದು ಹೊಳೆಯುತ್ತಿದ್ದರೆ ದೀಪದ ಮಸಿ ಹಿಡಿಸಿದರೂ ಸಾಕು. ಮಣಿಯಂಥ ದುಂಡು ಫೋರ್‌ಸೈಟಿಗೆ ಎಡದಿಂದ ಬಿಸಿಲು ಬಿದ್ದಾಗ ಹೊಳೆಯುವ ಎಡಭಾಗವನ್ನೇ ಕಣ್ಣು ನಡುಭಾಗವೆಂದು ಹಿಡಿಯುತ್ತದೆ, ನಳಿಗೆ ಬಲಕ್ಕೆ ಸರಿಯುತ್ತದೆ, ಗುಂಡು ಬೆಳಕಿನ ಎದುರು ದಿಕ್ಕಿಗೆ ಬೀಳುತ್ತದೆ. ಬ್ಯಾಕ್‌ಸೈಟಿನ ಕಚ್ಚು ಕಂಬದ ಎರಡೂ ಬದಿಗೆ ಬೆಳಕಿನ ಪಟ್ಟಿ ಎದ್ದು ಕಾಣುವಷ್ಟು ಅಗಲವಿರಬೇಕು. ಹರೆಯದಲ್ಲಿ ಹಿತವಾಗಿದ್ದ ಬಿಗಿ ಕಚ್ಚು ಈಗ ಮಂಜಿನಲ್ಲಿ ಮುಚ್ಚಿಹೋಗುತ್ತದೆ. ಬಣ್ಣದ ನಾರಿನ ಹೊಳೆಯುವ ಸೈಟುಗಳು ಬೇಗ ಕಣ್ಣಿಗೆ ಸಿಗುತ್ತವೆಂಬುದು ನಿಜ, ಆದರೆ ನಿಂತ ಗುರಿಗೆ ನಿಧಾನವಾಗಿ ಹೊಡೆಯುವವರಿಗೆ ಅವು ಸಹಾಯಕ್ಕಿಂತ ತೊಡಕೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ: ಬಿಸಿಲಿನಲ್ಲಿ ಆ ಚುಕ್ಕೆ ಊದಿಕೊಂಡು ಅಂಚೇ ಸಿಗುವುದಿಲ್ಲ.

ನಿಯಮ ಒಪ್ಪುವುದಾದರೆ ನಾನು ಮನಸ್ಸಿಟ್ಟು ಹೇಳುವುದು ಪೀಪ್ ಸೈಟಿನ ಪರವಾಗಿ. ಬ್ಯಾಕ್‌ಸೈಟನ್ನು ನಳಿಗೆಯಿಂದ ತೆಗೆದು, ಕಣ್ಣಿಗೆ ಹತ್ತಿರವಾಗಿ, ರಿಸೀವರಿನ (ಬೋಲ್ಟ್ ಕೂರುವ ಭಾಗದ) ಹಿಂತುದಿಯಲ್ಲಿ ಒಂದು ಸಣ್ಣ ರಂಧ್ರವಾಗಿ ಇಡುವುದೇ ಪೀಪ್ ಸೈಟು. ಸೇನೆಯಲ್ಲಿ ಇಂಥದ್ದೇ ರಂಧ್ರದ ಬ್ಯಾಕ್‌ಸೈಟನ್ನು ನೀವು ಬಳಸಿರುತ್ತೀರಿ. ಆದರೆ ಅಲ್ಲಿನದು ವೇಗಕ್ಕಾಗಿ ಮಾಡಿದ ದೊಡ್ಡ ರಂಧ್ರ, ಸ್ಪರ್ಧೆಯದು ಒಂದು ಮಿಲಿಮೀಟರಿನ ಆಸುಪಾಸಿನದು. ಇದರಿಂದ ಮೂರು ಲಾಭಗಳು ಒಟ್ಟಿಗೆ ಬರುತ್ತವೆ. ರಂಧ್ರವನ್ನು ಕಣ್ಣು ನೋಡುವುದಿಲ್ಲ, ಅದರ ಮೂಲಕ ನೋಡುತ್ತದೆ. ಮಂಜಾದ ಆ ವೃತ್ತದ ನಡುವಿಗೆ ಫೋರ್‌ಸೈಟನ್ನು ತಂದುಕೊಳ್ಳುವುದು ಕಣ್ಣಿಗೆ ತಾನಾಗಿಯೇ ಬರುತ್ತದೆ. ಹೀಗೆ ನಿಭಾಯಿಸಬೇಕಾದ ಮೂರು ದೂರಗಳಲ್ಲಿ ಒಂದು ಪೂರ್ತಿ ಕಳೆದುಹೋಗುತ್ತದೆ.

ಎರಡನೆಯ ಲಾಭ ಮಂಜಿನ ಇಳಿಕೆ, ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಫೋಕಸ್ ತಪ್ಪಿದ ವಸ್ತುವಿನ ಸುತ್ತ ಕಟ್ಟುವ ಮಂಜಿನ ಅಗಲ ಎಂದರೆ ಬೆಳಕು ಒಳಹೋಗುವ ದ್ವಾರದ ಮಿಲಿಮೀಟರ್ ವ್ಯಾಸವನ್ನು ತಪ್ಪಿದ ಡಯಾಪ್ಟರಿನಿಂದ ಗುಣಿಸಿದರೆ ಬರುವಷ್ಟು ಮಿಲಿಮೀಟರ್, ಅದೂ ಪ್ರತಿ ಒಂದು ಮೀಟರ್ ದೂರಕ್ಕೆ. ನಿಮ್ಮ ಪಾಪೆ 3 ಮಿಲಿಮೀಟರ್ ಇದೆ, ಮೇಲೆ ಹೇಳಿದಂತೆ ಫೋಕಸನ್ನು ನಡುವೆ ಇಟ್ಟು ಕಾಯಿಗೆ 0.62 ಡಯಾಪ್ಟರ್ ತಪ್ಪಿದೆ ಎಂದುಕೊಳ್ಳಿ. ಆಗ 50 ಮೀಟರಿನಲ್ಲಿ ಮಂಜಿನ ಅಗಲ 9 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು, ಅಂದರೆ ಸುಲಿದ ಕಾಯಿಯ ಅಗಲಕ್ಕೆ ಹತ್ತಿರ. ಅದೇ ಕಣ್ಣಿನ ಮುಂದೆ 1.2 ಮಿಲಿಮೀಟರಿನ ರಂಧ್ರ ಬಂದರೆ ಮಂಜು 4 ಸೆಂಟಿಮೀಟರಿನ ಒಳಗೆ ಇಳಿಯುತ್ತದೆ. ಇಷ್ಟು ಮಂಜಿದ್ದರೆ ಗುಂಡು ಅಷ್ಟು ತಪ್ಪುತ್ತದೆ ಎಂದು ಇದರ ಅರ್ಥವಲ್ಲ, ಏಕೆಂದರೆ ಮಂಜಿನ ನಡುವನ್ನು ಕಣ್ಣು ತಕ್ಕಮಟ್ಟಿಗೆ ಊಹಿಸಬಲ್ಲದು; ಆದರೆ ಅಂಚು ಗಟ್ಟಿಯಾದಷ್ಟೂ ಆ ಊಹೆ ಪ್ರತಿ ಈಡಿಗೂ ಒಂದೇ ಆಗಿರುತ್ತದೆ.

ಮೂರನೆಯದು ಸೈಟುಗಳ ನಡುವಿನ ಅಂತರ. ನಳಿಗೆಯ ಮೇಲಿನ ಕಚ್ಚಿನಿಂದ ಫೋರ್‌ಸೈಟಿಗೆ 40 ಸೆಂಟಿಮೀಟರ್ ಇದ್ದಾಗ, ಸೈಟನ್ನು ಸರಿಹೊಂದಿಸುವುದರಲ್ಲಿ 0.2 ಮಿಲಿಮೀಟರ್ ತಪ್ಪಾದರೆ 50 ಮೀಟರಿನಲ್ಲಿ ಗುಂಡು 25 ಮಿಲಿಮೀಟರ್ ಆಚೆ ಬೀಳುತ್ತದೆ. ಪೀಪ್ ಸೈಟಿನಿಂದ ಆ ಅಂತರ 70 ಸೆಂಟಿಮೀಟರಿಗೆ ಏರಿದರೆ ಅದೇ ತಪ್ಪಿನ ಫಲ 14 ಮಿಲಿಮೀಟರ್ ಆಗುತ್ತದೆ.

ರಂಧ್ರ ಸಣ್ಣದಾದಷ್ಟೂ ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ ಮಾತ್ರ ಬೇಡ. ಒಂದು ಮಿಲಿಮೀಟರಿಗಿಂತ ಕೆಳಗೆ ಇಳಿದಂತೆ ಬೆಳಕು ರಂಧ್ರದ ಅಂಚಿನಲ್ಲಿ ಚದುರಿ ಹೊಸ ಬಗೆಯ ಮಂಜು ಹುಟ್ಟುತ್ತದೆ. ಇದಕ್ಕಿಂತ ಮುಖ್ಯವಾಗಿ, 3 ಮಿಲಿಮೀಟರಿನ ಪಾಪೆಯ ಮುಂದೆ 1.2 ಮಿಲಿಮೀಟರಿನ ರಂಧ್ರ ಇಟ್ಟರೆ ಬರುವ ಬೆಳಕು ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಸೆಪ್ಟೆಂಬರಿನ ಮೋಡದಲ್ಲಿ ಅಷ್ಟು ಬೆಳಕು ಕಳೆದುಕೊಳ್ಳುವುದು ಅರವತ್ತರ ಕಣ್ಣಿಗೆ ದುಬಾರಿ. ಆದ್ದರಿಂದ ತಿರುಗಿಸಿ ರಂಧ್ರವನ್ನು ಹಿಗ್ಗಿಸುವ, ಕುಗ್ಗಿಸುವ ಐರಿಸ್ ಇರುವ ಸೈಟು ಸ್ವಲ್ಪ ದುಬಾರಿಯಾದರೂ ಅದನ್ನೇ ಕೊಳ್ಳಿ. ಬಿಸಿಲಿಗೆ 1.1, 1.2ರ ಹತ್ತಿರವೂ ಮೋಡಕ್ಕೆ 1.6ರಿಂದ 2ರ ವರೆಗೂ ಇಟ್ಟು ನೋಡಿ. ಫೋರ್‌ಸೈಟಿನ ಸುತ್ತಲ ಬೆಳಕು ಬೂದುಬಣ್ಣಕ್ಕೆ ತಿರುಗಿತೆಂದರೆ ರಂಧ್ರ ಕಿರಿದಾಯಿತು ಎಂದೇ ಅರ್ಥ.

ಪೀಪ್ ಸೈಟಿನ ಜೊತೆಗೆ ಫೋರ್‌ಸೈಟಿನಲ್ಲಿ ಕಂಬದ ಬದಲು ಉಂಗುರ ಹಾಕಿದರೆ ನಿಮ್ಮಂಥವರಿಗೆ ಇನ್ನೂ ಅನುಕೂಲ. ಕಂಬದ ತಲೆಯನ್ನು ಕಾಯಿಯ ಬುಡಕ್ಕೆ ತಾಗಿಸಲು ಎರಡರ ಅಂಚೂ ಸ್ಪಷ್ಟವಾಗಿ ಬೇಕು. ವೃತ್ತದೊಳಗೆ ವೃತ್ತವನ್ನು ಕೂರಿಸುವ ಕೆಲಸವನ್ನು ಕಣ್ಣು ಮಂಜಿನಲ್ಲೂ ಚೆನ್ನಾಗಿ ಮಾಡುತ್ತದೆ, ಸುತ್ತ ಬೆಳಕಿನ ಪಟ್ಟಿ ಸಮವಾಗಿದೆಯೇ ಎಂದು ನೋಡಿದರಾಯಿತು. ಉಂಗುರ ಬಿಗಿಯಾಗಿರದೆ ಕಾಯಿಯ ಸುತ್ತ ಧಾರಾಳವಾಗಿ ಬಯಲು ಕಾಣುವಷ್ಟು ದೊಡ್ಡದಿರಲಿ. ನಿಂತು ಹೊಡೆಯುವವರಿಗಂತೂ ಬಿಗಿ ಉಂಗುರ ಕೈನಡುಕವನ್ನು ಎತ್ತಿ ತೋರಿಸಿ ಧೈರ್ಯ ಕೆಡಿಸುತ್ತದೆ. ಕೊಳ್ಳುವ ಮುನ್ನ ರಿಸೀವರಿನ ಮೇಲೆ ಉದ್ದಕ್ಕೆ ಕೊರೆದ ತೋಡು ಇದೆಯೇ, ಅದರ ಅಗಲ ಪಾಯಿಂಟ್ 22 ರೈಫಲುಗಳಲ್ಲಿ ಸಾಮಾನ್ಯವಾಗಿ ಇರುವ 11 ಮಿಲಿಮೀಟರೇ ಎಂದು ನೋಡಿಕೊಳ್ಳಿ. ಪೀಪ್ ಸೈಟು ಎತ್ತರದಲ್ಲಿ ಕೂರುವುದರಿಂದ ಫೋರ್‌ಸೈಟನ್ನೂ ಎತ್ತರಿಸಬೇಕಾಗಿ ಬರುವುದು ಹೆಚ್ಚು. ತೋಡು ಇಲ್ಲದ ಹಳೆಯ ರೈಫಲಾದರೆ ಕೊರೆಯುವ ಕೆಲಸವನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಂದಲೇ ಮಾಡಿಸಬೇಕು. ಕಣ್ಣಿಗೆ ಇಷ್ಟು ಹತ್ತಿರ ಲೋಹದ ಸೈಟು ಇಡಲು ಆಗುವುದು ಪಾಯಿಂಟ್ 22ರ ಒದೆತ ತೀರ ಕಡಿಮೆ ಇರುವುದರಿಂದ. ಪಾಯಿಂಟ್ 315ರಂಥ ಒದೆಯುವ ರೈಫಲಿಗೆ ಇದೇ ಜಾಗದಲ್ಲಿ ಹಾಕಿದರೆ ಹುಬ್ಬು ಒಡೆಯುತ್ತದೆ, ಕಣ್ಣಿಗೇ ಅಪಾಯ.

ಟೆಲಿಸ್ಕೋಪಿನ ಬಗ್ಗೆ ನಿಮ್ಮ ಮಗ ಹೇಳುವುದರಲ್ಲಿ ನ್ಯಾಯವಿದೆ. ಅದರೊಳಗೆ ಗುರಿಯ ಗೆರೆಯೂ ಕಾಯಿಯೂ ಒಂದೇ ದೂರದಲ್ಲಿ ಇರುವಂತೆ ಕಾಣುವುದರಿಂದ ಕಣ್ಣಿಗೆ ಉಳಿಯುವುದು ಒಂದೇ ಕೆಲಸ. ನಾಲ್ಕು ಪಟ್ಟಿನ ಟೆಲಿಸ್ಕೋಪಿನಲ್ಲಿ 50 ಮೀಟರಿನ ಕಾಯಿ ಹನ್ನೆರಡೂವರೆ ಮೀಟರಿನಲ್ಲಿ ಇರುವಷ್ಟು ದೊಡ್ಡದಾಗಿ ಕಾಣುತ್ತದೆ. ರೆಟಿನಾದ ತೊಂದರೆಯಿಂದ ಸೂಕ್ಷ್ಮ ದೃಷ್ಟಿ ಕುಂದಿದವರಿಗೆ, ಪೊರೆ ಇದ್ದೂ ಶಸ್ತ್ರಚಿಕಿತ್ಸೆಗೆ ಇನ್ನೂ ಕಾಲ ಬಾರದವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೂ ನಿಮಗೆ ಇದನ್ನು ಮೊದಲು ಹೇಳದಿರುವುದಕ್ಕೆ ಎರಡು ಕಾರಣಗಳಿವೆ. ಅನೇಕ ಗುರಿ ಸ್ಪರ್ಧೆಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಒಲಿಂಪಿಕ್ಸಿನಲ್ಲಿ ನಡೆಯುವ 10 ಮೀಟರ್ ಏರ್ ರೈಫಲ್, 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಟೆಲಿಸ್ಕೋಪ್ ನಿಷಿದ್ಧ, ಪವರಿನ ಕನ್ನಡಕ ಹಾಕಿಕೊಳ್ಳಲು ಅಡ್ಡಿಯಿಲ್ಲ. ನಿಮ್ಮೂರಿನ ಆಯೋಜಕರನ್ನು ಮೊದಲೇ ಕೇಳಿ. ಎರಡನೆಯದಾಗಿ, ನಿಂತು ಹೊಡೆಯುವಾಗ ದೇಹದ ತೂಗಾಟವೂ ಅಷ್ಟೇ ಪಟ್ಟು ದೊಡ್ಡದಾಗಿ ಕಂಡು, ಗೆರೆ ಕಾಯಿಯನ್ನು ದಾಟುವ ಕ್ಷಣಕ್ಕೆ ಟ್ರಿಗರನ್ನು ಕಿತ್ತೆಳೆಯುವ ಚಟ ಹತ್ತುತ್ತದೆ.

ಹಾಕಿಸುವುದೇ ಆದರೆ ನಾಲ್ಕು ಪಟ್ಟಿಗಿಂತ ಹೆಚ್ಚು ಬೇಡ. ಮುಂದಿನ ಗಾಜಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 32 ಮಿಲಿಮೀಟರಿನ ಗಾಜು, ನಾಲ್ಕು ಪಟ್ಟು ಎಂದರೆ 8 ಮಿಲಿಮೀಟರ್. ನಿಮ್ಮ ಪಾಪೆ ಎಷ್ಟೇ ಹಿಗ್ಗಿದರೂ ಅಷ್ಟಾಗುವುದಿಲ್ಲವಾದ್ದರಿಂದ ಬೆಳಕು ಸಾಲದೆಂದು ದೊಡ್ಡ ಗಾಜಿಗೆ ಹಣ ಕೊಡಬೇಕಿಲ್ಲ. ದೊಡ್ಡ ರೈಫಲಿನ ಟೆಲಿಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅಂಥದ್ದನ್ನು 50 ಮೀಟರಿಗೆ ಬಳಸಿದರೆ ಕಣ್ಣು ಗಾಜಿನ ನಡುವಿನಿಂದ ಸರಿದಾಗ ಗುರಿಯೂ ಸರಿಯುತ್ತದೆ; 40 ಮಿಲಿಮೀಟರಿನ ಗಾಜಿನಲ್ಲಿ ಈ ತಪ್ಪು 9 ಮಿಲಿಮೀಟರಿನ ವರೆಗೆ ಹೋಗಬಹುದು. ಪಾಯಿಂಟ್ 22ಕ್ಕೆಂದೇ 50, 60 ಗಜಕ್ಕೆ ಹೊಂದಿಸಿದ್ದನ್ನು ಕೇಳಿ ಪಡೆಯಿರಿ. ಇದನ್ನು ಬಳಸುವಾಗ ದೂರದ ಪವರಿನ ಕನ್ನಡಕ ಇರಲಿ. ಸೂರ್ಯನಿಲ್ಲದ ಕಡೆಯ ಬರಿ ಆಕಾಶಕ್ಕೋ ಬಿಳಿ ಗೋಡೆಗೋ ಹಿಡಿದು, ಕಣ್ಣಿಟ್ಟ ತಕ್ಷಣವೇ ಗೆರೆಗಳು ಕಪ್ಪಾಗಿ ಕಾಣುವ ತನಕ ಹಿಂಗಾಜನ್ನು ತಿರುಗಿಸಿ ಬಿಗಿಮಾಡಿ. ದಿಟ್ಟಿಸಿ ನೋಡುತ್ತಾ ತಿರುಗಿಸಿದರೆ ಕಣ್ಣು ತಾನೇ ಹೊಂದಿಕೊಂಡು ಮೋಸಹೋಗುತ್ತದೆ.

ರೆಡ್ ಡಾಟ್ ಕೂಡ ದೂರಗಳನ್ನು ಒಂದಕ್ಕೆ ಇಳಿಸುತ್ತದೆ, ವೇಗವಾಗಿಯೂ ಇದೆ. ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಬರುವುದು ಎರಡಾಗಿ ಕಾಣುವ ಆ ಅಂಚಿನಿಂದ. ಸಿಲಿಂಡರ್ ಪವರ್ ಅಥವಾ ಪೊರೆ ಇರುವ ಕಣ್ಣಿಗೆ ಕೆಂಪು ಚುಕ್ಕೆ ಬಾಲ ಬಂದಂತೆ, ಒಡೆದ ನಕ್ಷತ್ರದಂತೆ ಕಾಣುತ್ತದೆ. ಗೆಳೆಯರದ್ದನ್ನು ಒಮ್ಮೆ ಕೇಳಿ ನೋಡಿ. ಚುಕ್ಕೆ ಚದುರಿ ಕಂಡರೆ ಮೊಬೈಲಿನಲ್ಲಿ ಅದರ ಫೋಟೊ ತೆಗೆಯಿರಿ. ಫೋಟೊದಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು. ಹೊಳಪನ್ನು ತಗ್ಗಿಸಿದರೆ, ಸಿಲಿಂಡರ್ ಪವರಿನ ಕನ್ನಡಕ ಹಾಕಿಕೊಂಡರೆ ಒಂದಿಷ್ಟು ಸುಧಾರಿಸುತ್ತದೆ. ಚುಕ್ಕೆಯ ಗಾತ್ರವನ್ನು ಮಿನಿಟಿನಲ್ಲಿ, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಪಾಲಿನಲ್ಲಿ, ಹೇಳುತ್ತಾರೆ: ಆರು ಮಿನಿಟಿನ ಚುಕ್ಕೆ 50 ಮೀಟರಿನಲ್ಲಿ ಸುಮಾರು 87 ಮಿಲಿಮೀಟರ್ ಮುಚ್ಚುತ್ತದೆ, ಎರಡು ಮಿನಿಟಿನದು 29 ಮಿಲಿಮೀಟರ್. ಕಾಯಿಯ ಗುರಿಗೆ ಎರಡರದ್ದೇ ಸರಿ.

ಹನ್ನೆರಡು ಬೋರಿನ ಕೋವಿಯ ವಿಷಯ ಬೇರೆ. ಅಲ್ಲಿ ಕಣ್ಣು ಕಾಯಿಯ ಮೇಲಿರಬೇಕು, ಮಣಿ ಮಂಜಾಗಿದ್ದರೂ ನಡೆಯುತ್ತದೆ, ದೂರದ ಪವರಿನ ಕನ್ನಡಕವೇ ಸಾಕು.

ಪರೀಕ್ಷೆಯಲ್ಲಿ ಪೊರೆ ಇದೆ ಎಂದಾದರೆ, ಶಸ್ತ್ರಚಿಕಿತ್ಸೆ ನಿಶ್ಚಯವಾಗುವ ಮೊದಲೇ ನೀವು ರೈಫಲ್ ಗುರಿಕಾರರೆಂದು ವೈದ್ಯರಿಗೆ ತಿಳಿಸಿ, ಕಣ್ಣಿನಿಂದ ಫೋರ್‌ಸೈಟಿಗಿರುವ ದೂರದ ಅಂಕಿಯನ್ನೂ ಕೊಡಿ. ಹಲವು ದೂರಗಳನ್ನು ತೋರಿಸುವ ಮಸೂರಗಳು ಕನ್ನಡಕದ ಹಂಗು ತಪ್ಪಿಸುತ್ತವೆ, ಆದರೆ ಬೆಳಕಿನ ಸುತ್ತ ಉಂಗುರ ಕಟ್ಟುವುದೂ ಮಸುಕು ವಸ್ತುವಿನ ಅಂಚು ಇನ್ನಷ್ಟು ಮಂಕಾಗುವುದೂ ಅವುಗಳಲ್ಲಿ ಹೆಚ್ಚು. ಗುರಿಕಣ್ಣಿಗೆ ಒಂದೇ ದೂರದ ಮಸೂರ ಮೇಲು ಎಂದು ನನಗೆ ಅನ್ನಿಸುತ್ತದೆ. ಅದನ್ನು ಪೂರ್ತಿ ದೂರಕ್ಕೆ ಇಡಬೇಕೋ ಅರ್ಧ ಡಯಾಪ್ಟರ್ ಹತ್ತಿರಕ್ಕೆ ತರಬೇಕೋ ಎಂಬುದು ನಿಮ್ಮ ಇನ್ನೊಂದು ಕಣ್ಣನ್ನೂ ನೋಡಿ ವೈದ್ಯರು ತೀರ್ಮಾನಿಸಬೇಕಾದ್ದು. ಚಿಕಿತ್ಸೆಯ ನಂತರ ಮತ್ತೆ ಯಾವಾಗ ಈಡು ಹೊಡೆಯಬಹುದು ಎಂಬುದನ್ನೂ ಅವರನ್ನೇ ಕೇಳಿ, ಹನ್ನೆರಡು ಬೋರಿನ ಒದೆತದ ಬಗ್ಗೆ ಪ್ರತ್ಯೇಕವಾಗಿ ಕೇಳಿ.

ಯಾವ ಸೈಟು ಹಾಕಿದರೂ ಎಡಗಣ್ಣನ್ನು ಬಿಗಿಯಾಗಿ ಮುಚ್ಚುವ ರೂಢಿ ಬಿಡಿ. ಒಂದು ಕಣ್ಣು ಮುಚ್ಚಿದಾಗ ಇನ್ನೊಂದರ ಪಾಪೆಯೂ ಹಿಗ್ಗುತ್ತದೆ, ಮಂಜು ಹೆಚ್ಚುತ್ತದೆ, ಮುಖದ ಸ್ನಾಯು ಬಿಗಿಯುತ್ತದೆ. ಕನ್ನಡಕದ ಎಡಗಾಜಿಗೆ ಬೆಳಕು ಬಿಡುವ, ಚಿತ್ರ ಕಾಣಿಸದ ಮಸುಕು ಟೇಪನ್ನು ಅಂಟಿಸಿ ಎರಡೂ ಕಣ್ಣು ತೆರೆದೇ ಹೊಡೆಯಿರಿ. ಅಂಚಿರುವ ಟೋಪಿ ಹಾಕಿಕೊಳ್ಳಿ, ಗುರಿ ಹಿಡಿಯುವ ಮುನ್ನ ಒಮ್ಮೆ ರೆಪ್ಪೆ ಬಡಿಯಿರಿ, ಏಳೆಂಟು ಸೆಕೆಂಡಿನೊಳಗೆ ಈಡು ಹೋಗದಿದ್ದರೆ ರೈಫಲನ್ನು ಇಳಿಸಿ ಹಸಿರು ನೋಡಿ. ದಿಟ್ಟಿಸಿದಷ್ಟೂ ಕಣ್ಣು ಒಣಗಿ ಚಿತ್ರ ಕರಗುತ್ತದೆ.

ಹೊಸ ಕನ್ನಡಕದಿಂದಲೇ ಗುಂಡು ಬೀಳುವ ಜಾಗ ಬದಲಾಗಬಹುದಾದ್ದರಿಂದ ಮತ್ತೆ ಝೀರೋ ಮಾಡಬೇಕು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟನ್ನು ಹೊಂದಿಸಬೇಕು. ಮೊದಲು 25 ಮೀಟರಿನಲ್ಲಿ ಆನಿಕೆಯ ಮೇಲಿಟ್ಟು ಕಾಗದಕ್ಕೆ, ನಂತರ 50 ಮೀಟರಿನಲ್ಲಿ, ಕೊನೆಗೆ ನಿಂತು. ಕಾಲು ಮಿನಿಟಿನ ಕ್ಲಿಕ್ ಇರುವ ಸೈಟಾದರೆ 50 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಗುಂಡು ಸುಮಾರು 3.6 ಮಿಲಿಮೀಟರ್ ಸರಿಯುತ್ತದೆ. 7 ಸೆಂಟಿಮೀಟರ್ ಎಡಕ್ಕೆ ಬೀಳುತ್ತಿದ್ದರೆ ಬಲಕ್ಕೆ ಹತ್ತೊಂಬತ್ತು ಕ್ಲಿಕ್ ಬೇಕು. ಒಂದೊಂದು ಈಡಿಗೂ ತಿರುಗಿಸಬೇಡಿ, ಐದು ಈಡು ಹೊಡೆದು ಅವುಗಳ ನಡುವನ್ನು ನೋಡಿ ತಿರುಗಿಸಿ. ಬಿಸಿಲಿನಲ್ಲೊಮ್ಮೆ, ಮೋಡದಲ್ಲೊಮ್ಮೆ ಇದನ್ನು ಮಾಡಿ, ಐರಿಸ್ ಎಷ್ಟಕ್ಕಿತ್ತು, ಗುಂಡು ಎಲ್ಲಿ ಬಿತ್ತು ಎಂದು ಚೀಟಿಯಲ್ಲಿ ಬರೆದು ರೈಫಲಿನ ಚೀಲದಲ್ಲಿಡಿ. ಕಣ್ಣಿನ ಪರೀಕ್ಷೆ, ಕನ್ನಡಕ, ಸೈಟು, ಝೀರೋ ಇಷ್ಟೂ ಮುಗಿದು ಅಭ್ಯಾಸಕ್ಕೆ ಒಂದೆರಡು ತಿಂಗಳು ಉಳಿಯಬೇಕಾದರೆ ಸೆಪ್ಟೆಂಬರಿನ ಸ್ಪರ್ಧೆಗೆ ಏಪ್ರಿಲಿನಲ್ಲೇ ಶುರುಮಾಡುವುದು ಅನುಕೂಲ.